ಶಂಖದ ಕೈ, ಚಕ್ರದ ಕೈ

2021ರ ನವೆಂಬರ್. ಮದರಾಸಿನ ತಾಂಬರಂ ಸಮೀಪದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಆಗ ರೇಡಿಯಾಲಜಿ ವಿಭಾಗದ ಮುಖ್ಯಸ್ಥೆ. ರೇಡಿಯಾಲಜಿ ಎಂದರೆ ಎಕ್ಸ್-ರೇ, ಸ್ಕ್ಯಾನ್, ಮ್ಯಾಮೊಗ್ರಾಂಗಳ ವಿಭಾಗ. ರೋಗಿಗಳ ಮುಖ ನೋಡಿ ಮಾತಾಡುವ ಡಾಕ್ಟರುಗಳು ಬೇರೆ. ನಾವು ಕತ್ತಲೆ ಕೋಣೆಯಲ್ಲಿ ಕೂತು ಅವರ ಲಿವರ್, ಕಿಡ್ನಿ, ಶ್ವಾಸಕೋಶಗಳ ಪರಿಚಯ ಮಾಡಿಕೊಳ್ಳುವವರು. ಮೂವತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದ್ದೇನೆ. ನೋಡಿದ ಮುಖಗಳಲ್ಲಿ ನೆನಪಿರುವುದು ಕೆಲವೇ. ಅವುಗಳಲ್ಲಿ ಇಂದಿರಮ್ಮನವರದು ಒಂದು.

ಕೊರೊನಾದ ಆ ಎರಡು ವರ್ಷ ನಮ್ಮ ವಿಭಾಗದ ಪಾಡು ಹೇಳತೀರದು. ಬೆಳಗಿನಿಂದ ಸಂಜೆಯವರೆಗೆ ಬರೀ ಎದೆಯ ಸಿ.ಟಿ. ಸ್ಕ್ಯಾನ್. ಮ್ಯಾಮೊಗ್ರಾಂ ಕೋಣೆ, ಅಂದರೆ ಸ್ತನದ ಎಕ್ಸ್-ರೇ ತೆಗೆದು ಕ್ಯಾನ್ಸರನ್ನು ಮೊದಲೇ ಪತ್ತೆ ಹಚ್ಚುವ ಕೋಣೆ, ಪಿ.ಪಿ.ಇ. ಕಿಟ್ಟುಗಳ ಉಗ್ರಾಣವಾಗಿತ್ತು. ಪೆಟ್ಟಿಗೆಗಳ ಹಿಂದೆ ಆ ಯಂತ್ರಕ್ಕೆ ಬೆಡ್‌ಶೀಟು ಹೊದಿಸಿ ನಿಲ್ಲಿಸಿದ್ದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಪ್ರತಿವರ್ಷ ತಪ್ಪದೆ ತಪಾಸಣೆಗೆ ಬರುತ್ತಿದ್ದ ಹೆಂಗಸರಿಗೆ ಫೋನ್ ಮಾಡಿಸಿದರೆ ಎಲ್ಲರದೂ ಒಂದೇ ರಾಗ: "ಕೊರೊನಾ ಮುಗೀಲಿ ಮೇಡಂ, ಆಮೇಲೆ ಬರ್ತೀವಿ." ಕ್ಯಾನ್ಸರ್ ಕೂಡ ಲಾಕ್‌ಡೌನ್ ಪಾಲಿಸಿ ಮನೆಯೊಳಗೆ ಸುಮ್ಮನೆ ಕೂತಿರುತ್ತದೆ ಎಂದು ಇವರಿಗೆ ಯಾರು ಹೇಳಿದರೋ ಕಾಣೆ. ನನಗೆ ಸಿಟ್ಟು ಬೇಗ ಬರುತ್ತದೆ. ವಿಭಾಗದಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಆ ದಿನ ಜೋರು ಮಳೆ. ಕ್ರೋಂಪೇಟೆಯ ಕಡೆ ರಸ್ತೆಯಲ್ಲೆಲ್ಲ ಮೊಣಕಾಲುದ್ದ ನೀರು ನಿಂತು, ಬರಬೇಕಾದ ರೋಗಿಗಳಲ್ಲಿ ಅರ್ಧ ಜನ ಬಂದಿರಲಿಲ್ಲ. ನಾನು ಎರಡನೇ ಸಲ ಕಾಫಿ ತರಿಸಿಕೊಂಡು ಕೂತಿದ್ದೆ. ಅಷ್ಟರಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಸೊಸೆಯ ಜೊತೆ ಒಳಗೆ ಬಂದರು. ಊಟವಾದ ಮೇಲೆ ಹೊಟ್ಟೆನೋವು, ಪಿತ್ತಕೋಶದಲ್ಲಿ ಕಲ್ಲಿದೆಯೇ ನೋಡಿ ಎಂದು ಅವರ ಡಾಕ್ಟರು ಬರೆದುಕೊಟ್ಟಿದ್ದರು. ಮುಖದ ಮೇಲೆ ಎರಡು ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಪರದೆ. ಸ್ಕ್ಯಾನ್ ಮಂಚವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಸೊಸೆಯ ಕಡೆ ತಿರುಗಿ ಕನ್ನಡದಲ್ಲಿ ಪಿಸುಗುಟ್ಟಿದರು: "ಇದನ್ನ ಒರೆಸಿದಾರೋ ಇಲ್ವೋ, ಕೇಳೇ."

"ಈಗ ತಾನೇ ಒರೆಸಿದೀವಿ, ಮಲಗಿ," ಎಂದೆ ನಾನು, ಕನ್ನಡದಲ್ಲೇ.

ಅವರು ಬೆಚ್ಚಿಬಿದ್ದರು. ಸೊಸೆ ಮಾಲತಿ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು. ಇಂದಿರಮ್ಮ ಚೀಲದಿಂದ ಒಗೆದು ಮಡಿಸಿದ ಹಳೆಯ ಸೀರೆಯೊಂದನ್ನು ತೆಗೆದು ಮಂಚದ ಮೇಲೆ ಹಾಸಿ, ಆಮೇಲೆಯೇ ಕೂತರು. "ತಪ್ಪು ತಿಳ್ಕೋಬೇಡಿ ಡಾಕ್ಟರಮ್ಮ. ನಾವು ಮಡಿ ಮಡಿ ಅಂತ ಬಡ್ಕೊಳ್ವಾಗ ಈ ಹುಡುಗ್ರೆಲ್ಲ ನಗ್ತಿದ್ರು. ಈಗ ನೋಡಿ, ಹೊರಗಿಂದ ಬಂದ್ರೆ ಸ್ನಾನ, ಮುಟ್ಟಿದ್ರೆ ಕೈ ತೊಳಿ. ಇಡೀ ಲೋಕಾನೇ ಮಡಿ ಕಲ್ತಿದೆ."

ನಮ್ಮ ತಾಯಿಯೂ ಇದ್ದಿದ್ದರೆ ಇದೇ ಮಾತು ಆಡುತ್ತಿದ್ದರು. ನಮ್ಮದೂ ಮದರಾಸಿನಲ್ಲಿ ಮೂರು ತಲೆಮಾರಿನಿಂದ ಇರುವ ಮಾಧ್ವ ಮನೆತನವೇ. ಹೇಳಿಬಿಟ್ಟೆ. ಅವರ ಮುಖ ಅರಳಿತು, ಪ್ಲಾಸ್ಟಿಕ್ ಪರದೆಯ ಒಳಗಿಂದಲೇ ಗೊತ್ತಾಯಿತು.

ಪಿತ್ತಕೋಶ, ಲಿವರ್ ನೋಡುವಾಗ ರೋಗಿಗೆ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿಕೊಳ್ಳಲು ಹೇಳುತ್ತೇವೆ. ಹಾಗೆ ಎತ್ತಿದರೆ ಪಕ್ಕೆಲುಬುಗಳ ನಡುವಿನ ಜಾಗ ಅಗಲವಾಗಿ ಒಳಗಿನದು ಚೆನ್ನಾಗಿ ಕಾಣುತ್ತದೆ. ಇಂದಿರಮ್ಮ ಕೈ ಎತ್ತಿದರು. ಅರ್ಧಕ್ಕೆ ನಿಲ್ಲಿಸಿದರು.

"ನೋವಾ?"

"ನೋವೇನಿಲ್ಲ. ಕಂಕುಳಲ್ಲಿ ಒಂದು ಸಣ್ಣ ಕಟ್ಟಿ ಇದೆ, ಒತ್ತತ್ತೆ. ಊಸಿ ಹಾಕಿಸ್ಕೊಂಡಿದ್ದಕ್ಕೆ ಬಂದಿದ್ದು."

ಕಟ್ಟಿ ಎಂದರೆ ಗಂಟು, ಊಸಿ ಎಂದರೆ ಇಂಜೆಕ್ಷನ್. ನಮ್ಮ ಮದರಾಸು ಕನ್ನಡಕ್ಕೆ ತಮಿಳು ಹೀಗೆಲ್ಲ ಬೆರೆತಿರುತ್ತದೆ. ಅವರು ಹೇಳಿದ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಕೊರೊನಾ ಲಸಿಕೆ ಹಾಕಿಸಿಕೊಂಡ ಕೆಲವರಿಗೆ ಸೂಜಿ ಚುಚ್ಚಿದ ಕಡೆಯ ಕಂಕುಳಲ್ಲಿ ಲಿಂಫ್ ನೋಡ್‌ಗಳು ಊದಿಕೊಳ್ಳುತ್ತಿದ್ದವು. ಲಿಂಫ್ ನೋಡ್ ಎಂದರೆ ದೇಹದ ಕಾವಲು ಗ್ರಂಥಿ. ಹೊರಗಿನದೇನಾದರೂ ಒಳಗೆ ಬಂದರೆ ಹೋರಾಡಲು ಅದು ದಪ್ಪಗಾಗುತ್ತದೆ, ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಂದಿರಮ್ಮ ಕೃಷ್ಣಾಷ್ಟಮಿಯ ಹೊತ್ತಿಗೆ ಈ ಗಂಟನ್ನು ಕಂಡು ಫೋನಿನಲ್ಲೇ ಡಾಕ್ಟರನ್ನು ಕೇಳಿದ್ದರು. ಡಾಕ್ಟರು, "ಲಸಿಕೆಯಿಂದ ಇರಬಹುದು, ಒಂದು ತಿಂಗಳು ನೋಡಿ, ಇಳಿಯದಿದ್ದರೆ ಬಂದು ತೋರಿಸಿ" ಎಂದಿದ್ದರು. ಸರಿಯಾದ ಸಲಹೆಯೇ. ಇವರು ಮೊದಲ ಅರ್ಧವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

"ಊಸಿ ಯಾವಾಗ ಹಾಕಿಸ್ಕೊಂಡ್ರಿ?" ಎಂದೆ.

"ಪ್ರಥಮ ಏಕಾದಶಿ ದಿವ್ಸ. ಈ ವರ್ಷಾನೂ ಕೊರೊನಾ ಅಂತ ಮಠದಲ್ಲಿ ಮುದ್ರೆ ಇರ್ಲಿಲ್ಲವಲ್ಲ, ಅದಕ್ಕೇ ನಮ್ಮ ಭಜನಾ ಮಂಡಳಿಯವರೆಲ್ಲ ಸೇರಿ, ಮುದ್ರೆ ಇಲ್ದಿದ್ರೆ ಊಸಿನಾದ್ರೂ ಹಾಕಿಸ್ಕೊಳೋಣ ಅಂತ ವ್ಯಾನ್ ಮಾಡ್ಕೊಂಡು ಹೋಗಿದ್ವಿ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಷಾಢದ ಪ್ರಥಮ ಏಕಾದಶಿಯಂದು ನಮ್ಮಲ್ಲಿ ಮಠಕ್ಕೆ ಹೋಗಿ ಮುದ್ರೆ ಹಾಕಿಸಿಕೊಳ್ಳುವ ಪದ್ಧತಿ. ಹೋಮದ ಕೆಂಡದಲ್ಲಿ ಕಾಯಿಸಿದ ಲೋಹದ ಅಚ್ಚನ್ನು ಸ್ವಾಮಿಗಳು ಕ್ಷಣಮಾತ್ರ ನಮ್ಮ ಕೈಗೆ ಒತ್ತುತ್ತಾರೆ. ಬಲಗೈಗೆ ಚಕ್ರ, ಎಡಗೈಗೆ ಶಂಖ. ಚುರ್ ಎನ್ನುತ್ತದೆ, ಒಂದೆರಡು ದಿನದಲ್ಲಿ ಮಾಯುತ್ತದೆ. ಏಕಾದಶಿ ದಿನ ಉಪವಾಸ, ಒಲೆ ಹಚ್ಚುವಂತಿಲ್ಲ. ಮರುದಿನ ದ್ವಾದಶಿ, ಬೆಳಗಾಗುವ ಮೊದಲೇ ಮಡಿಯಲ್ಲಿ ಅಡುಗೆ ಮಾಡಿ, ನೈವೇದ್ಯ ಮಾಡಿ, ಪಾರಣೆಯ ಊಟ ಬಡಿಸಬೇಕು. ಅಂಥ ಮನೆಯ ಹೆಂಗಸು ಏಕಾದಶಿಯಂದು ಬಲಗೈಗೆ ಇಂಜೆಕ್ಷನ್ ಹಾಕಿಸಿಕೊಂಡು ಮರುದಿನ ಕೈ ನೋವೆಂದು ಕೂರುವುದು ಸಾಧ್ಯವೇ ಇಲ್ಲ. ಅವರು ಹೇಳುವ ಮೊದಲೇ ಉತ್ತರ ನನಗೆ ಗೊತ್ತಿತ್ತು.

ಆದರೂ ಕೇಳಿದೆ. "ಯಾವ ಕೈಗೆ?"

"ಶಂಖದ ಕೈಗೇ. ಮಾರನೇ ದಿನ ಅಡಿಗೆ ಯಾರು ಮಾಡ್ತಾರೆ?"

ಊಸಿ ಎಡಗೈಗೆ. ಗಂಟು ಬಲಗಂಕುಳಲ್ಲಿ.

ಹೊಟ್ಟೆಯ ಸ್ಕ್ಯಾನ್ ಮುಗಿಸಿದೆ. ಪಿತ್ತಕೋಶದಲ್ಲಿ ಒಂದು ಪುಟ್ಟ ಕಲ್ಲಿತ್ತು, ಅಂಥದ್ದೇನಲ್ಲ. ಅದು ಇವತ್ತಿಗೂ ಅಲ್ಲೇ ಸುಖವಾಗಿದೆ. ಆಮೇಲೆ ಸ್ಕ್ಯಾನಿಗೆ ಮೈಮೇಲೆ ಆಡಿಸುವ ಪ್ರೋಬನ್ನು ಕಂಕುಳ ಮೇಲಿಟ್ಟೆ. ಆರೋಗ್ಯವಾದ ಲಿಂಫ್ ನೋಡ್ ಸ್ಕ್ಯಾನಿನಲ್ಲಿ ಅವರೆಕಾಳಿನ ಹಾಗೆ ಕಾಣುತ್ತದೆ, ನಡುವೆ ಬೆಳ್ಳಗೆ ಕೊಬ್ಬಿನ ತಿರುಳು. ಇದು ಗುಂಡಗೆ, ಕಪ್ಪಗೆ, ಎರಡು ಸೆಂಟಿಮೀಟರಿಗೂ ದೊಡ್ಡದಾಗಿತ್ತು. ನಡುವೆ ಬಿಳುಪೇ ಇರಲಿಲ್ಲ. ಅವತ್ತೇ ಪೆಟ್ಟಿಗೆಗಳನ್ನೆಲ್ಲ ಹೊರಗೆ ಹಾಕಿಸಿ, ಯಂತ್ರದ ಬೆಡ್‌ಶೀಟು ನಾನೇ ಎಳೆದುಹಾಕಿ ಮ್ಯಾಮೊಗ್ರಾಂ ಮಾಡಿಸಿದೆ. ಬಲ ಸ್ತನದ ಹೊರಭಾಗದಲ್ಲಿ, ಕೈಗೆ ಸಿಗದಷ್ಟು ಸಣ್ಣದೊಂದು ಚುಕ್ಕೆ ಇತ್ತು. ಅಂಚು ಚೂಪುಚೂಪಾಗಿತ್ತು.

ಕೂರಿಸಿಕೊಂಡು ವಿಷಯ ಹೇಳಿದೆ. ಇದು ಲಸಿಕೆಯ ಗಂಟಲ್ಲ. ಬಯಾಪ್ಸಿ ಮಾಡಬೇಕು, ಅಂದರೆ ಸೂಜಿಯಿಂದ ಗಂಟಿನ ಒಂದು ಎಳೆ ತೆಗೆದು ಪರೀಕ್ಷೆಗೆ ಕಳಿಸಬೇಕು. ಕ್ಯಾನ್ಸರ್ ಇರಬಹುದು, ಇದ್ದರೂ ಚಿಕಿತ್ಸೆಗೆ ಸಿಗುವ ಹಂತದಲ್ಲೇ ಇರುವ ಹಾಗೆ ಕಾಣುತ್ತದೆ. ಮಾಲತಿಯ ಕಣ್ಣಲ್ಲಿ ನೀರು ಬಂತು. ಇಂದಿರಮ್ಮ ಹಾಸಿದ್ದ ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿ ಚೀಲಕ್ಕೆ ಹಾಕಿಕೊಂಡರು.

"ಕಾರ್ತೀಕ ಮುಗೀಲಿ ಡಾಕ್ಟರಮ್ಮ, ಬರ್ತೀನಿ," ಎಂದರು.

ಕಾರ್ತೀಕ ಮುಗಿಯಿತು. ಅವರು ಬರಲಿಲ್ಲ. ಮಾಲತಿಗೆ ಫೋನ್ ಮಾಡಿದರೆ ಆ ಹುಡುಗಿ ಅಳುದನಿಯಲ್ಲಿ ಹೇಳಿದಳು: "ಈಗ ಧನುರ್ಮಾಸ ಆಗ್ಲಿ ಅಂತಿದಾರೆ ಮೇಡಂ. ಸೂಜಿ ಚುಚ್ಚಿದ್ರೆ ಹರಡತ್ತೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಹಾಕಿದಾರಂತೆ. ಯಾರ ಹತ್ರಾನೂ ಹೇಳ್ಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದಾರೆ. ಮಾವನಿಗೂ ಹೇಳಿಲ್ಲ. ನೀವೇ ಒಂದ್ಸಲ ಮಾತಾಡಿ, ಪ್ಲೀಸ್."

ರೇಡಿಯಾಲಜಿಸ್ಟುಗಳು ರೋಗಿಗಳ ಮನೆಗೆ ಫೋನ್ ಮಾಡಿ ಜಗಳವಾಡುವ ಪದ್ಧತಿಯಿಲ್ಲ. ನಾನು ಮಾಡಿದೆ. ಪ್ರತಿ ತಿಂಗಳು ಕಳೆದಂತೆ ಆ ಗಂಟು ಏನಾಗುತ್ತದೆಂದು ನನಗೆ ಗೊತ್ತಿತ್ತು. ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆ ಎಂಬುದು ಬುರುಡೆ ಮಾತು ಎಂದೆ. ದೇವರು ಧನುರ್ಮಾಸದ ಪೂಜೆಯನ್ನು ಮುಂದಿನ ವರ್ಷವೂ ಸ್ವೀಕರಿಸುತ್ತಾನೆ, ಆದರೆ ಅದನ್ನು ಮಾಡಲು ನೀವಿರಬೇಕು ಎಂದೂ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಆಗ ಅವರ ಕೇಸ್ ಶೀಟಿನಲ್ಲಿ ಓದಿದ್ದ ಒಂದು ಸಾಲು ನೆನಪಾಯಿತು.

"ಇಂದಿರಮ್ಮ, ನಿಮಗೆ ಕೊರೊನಾ ಬಂದಿತ್ತು ತಾನೆ?" ಎಂದು ಕೇಳಿದೆ, ದನಿ ಇಳಿಸಿ.

"ಬಂದಿತ್ತು. ಹೋದ ವರ್ಷ, ಪಿತೃಪಕ್ಷದಲ್ಲಿ."

"ಮುಚ್ಚಿಟ್ರಾ?"

"ಎಲ್ಲಿ ಮುಚ್ಚಿಡೋದು? ಕಾರ್ಪೊರೇಶನ್‌ನೋರು ಬಂದು ಬಾಗಿಲಿಗೇ ತಗಡು ಹೊಡೆದು ಹೋದ್ರು. ಮಂಡಳಿಯೋರೆಲ್ಲ ದಿನಕ್ಕೊಬ್ರು ಗೇಟಲ್ಲಿ ಸಾರು, ಅನ್ನ ಇಟ್ಟು ಹೋಗ್ತಿದ್ರು. ನಮ್ಮನೆಯವರು ಮೊದಲ್ನೇ ಸಲ ಅಡಿಗೆಮನೆಗೆ ಕಾಲಿಟ್ರು."

"ಮತ್ತೆ ಇದನ್ನ ಯಾಕೆ ಮುಚ್ಚಿಡ್ತೀರಿ?"

ಅವರು ಅಕ್ಕನ ಮಾತೆತ್ತಿದರು. ಆ ದನಿ ನಾನು ಸ್ಕ್ಯಾನ್ ಕೋಣೆಯಲ್ಲಿ ಕೇಳಿದ ದನಿಯಾಗಿರಲಿಲ್ಲ. "ನಮ್ಮಕ್ಕ ಅಡ್ಯಾರಲ್ಲಿದ್ಲು. ಇಬ್ರಿಗೂ ಒಂದೇ ವಾರ ಬಂತು. ನಾನು ಮನೇಲಿದ್ದೆ, ಎದ್ದೆ. ಅವ್ಳು ಆಸ್ಪತ್ರೆಗೆ ಹೋದ್ಲು. ಆಂಬುಲೆನ್ಸ್‌ಗೆ ತಾನೇ ನಡ್ಕೊಂಡು ಹತ್ತಿದ್ಲಂತೆ, ಮಕ್ಕಳಿಗೆ ಕೈ ಬೀಸಿದ್ಲಂತೆ. ಆಮೇಲೆ ಮುಖಾನೂ ತೋರಿಸ್ಲಿಲ್ಲ ಡಾಕ್ಟರಮ್ಮ. ಯಾರೂ ಪಕ್ಕದಲ್ಲಿರ್ಲಿಲ್ಲ. ಅವ್ಳ ಬಾಯಿಗೆ ಒಂದು ಉದ್ಧರಣೆ ನೀರು ಬಿಡೋಕೂ ಯಾರೂ ಇರ್ಲಿಲ್ಲ. ಒಳಗೆ ಹೋದ್ರೆ ಹೊರಗೆ ಬರಲ್ಲ ಅಂತ ನನ್ ಮನಸ್ನಲ್ಲಿ ಕೂತ್ಬಿಟ್ಟಿದೆ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಧನುರ್ಮಾಸವೂ ಅಲ್ಲ, ವಾಟ್ಸಾಪೂ ಅಲ್ಲ. ಮನೆಯಲ್ಲಿದ್ದ ತಂಗಿ ಬದುಕಿದಳು, ಆಸ್ಪತ್ರೆಗೆ ಹೋದ ಅಕ್ಕ ತೀರಿಕೊಂಡಳು. ಆ ಕಾಯಿಲೆ ಅಕ್ಕನಲ್ಲಿ ಎಷ್ಟು ಜೋರಾಗಿತ್ತು ಎಂಬ ಲೆಕ್ಕ ಯಾರ ಮನಸ್ಸಿಗೂ ಬರುವುದಿಲ್ಲ. ಆ ವರ್ಷಗಳಲ್ಲಿ ತಪಾಸಣೆಗೆ ಬಾರದೆ ಉಳಿದ ಎಷ್ಟೋ ಹೆಂಗಸರ "ಆಮೇಲೆ ಬರ್ತೀವಿ" ಎಂಬ ಮಾತಿನ ಹಿಂದೆ ಇಂಥದೊಂದು ಆಂಬುಲೆನ್ಸ್ ಇದ್ದಿರಬೇಕು. ನಾನು ಅವರನ್ನೆಲ್ಲ ಅಸಡ್ಡೆಯವರೆಂದು ಬೈದುಕೊಂಡು ಕೂತಿದ್ದೆ.

"ನಿಮ್ಮನ್ನ ಒಬ್ಬರನ್ನೇ ಒಳಗೆ ಬಿಡಲ್ಲ," ಎಂದೆ. "ಮಾಲತಿ ನಿಮ್ಮ ಕೈ ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತಾಳೆ. ಬೆಳಗ್ಗೆ ಬಂದ್ರೆ ಸಂಜೆ ದೇವರಿಗೆ ದೀಪ ಹಚ್ಚೋ ಹೊತ್ತಿಗೆ ಮನೇಲಿರ್ತೀರಿ. ಇದು ನನ್ನ ಮಾತು."

"ಕೊರೊನಾ ಬಂದು ಹೋಗೋ ಕಾಯ್ಲೆ. ಇದು ಬಂದ್ರೆ ಹೋಗತ್ತಾ?"

"ಎಲ್ಲರಿಗೂ ಹೋಗತ್ತೆ ಅಂತ ಸುಳ್ಳು ಹೇಳಲ್ಲ. ನಿಮ್ಮದು ಈಗ ಬಂದ್ರೆ ಹೋಗೋ ಸಾಧ್ಯತೆ ತುಂಬಾ ಇದೆ. ಧನುರ್ಮಾಸ, ಸಂಕ್ರಾಂತಿ, ರಥಸಪ್ತಮಿ ಅಂತ ಮುಂದಕ್ಕೆ ಹಾಕ್ತಾ ಹೋದ್ರೆ ನಾನೂ ಏನೂ ಮಾಡೋಕಾಗಲ್ಲ."

ಮರುದಿನ ಬೆಳಗ್ಗೆ ಬಂದರು. ಜೊತೆಗೆ ಮಾಲತಿ, ಅವಳ ಹಿಂದೆ ಇಂದಿರಮ್ಮನವರ ಯಜಮಾನರು ಗುರುರಾಜರಾಯರು. ಅವರಿಗೂ ಕೊನೆಗೆ ವಿಷಯ ತಿಳಿಸಿದ್ದರು. ಆಸ್ಪತ್ರೆಯಲ್ಲಿ ಆಗ ರೋಗಿಯ ಜೊತೆ ಯಾರನ್ನೂ ಒಳಗೆ ಬಿಡಬಾರದೆಂಬ ನಿಯಮ. ಆಡಳಿತಾಧಿಕಾರಿಯ ಬಳಿ ಹೋಗಿ ಮಾತಾಡಿದೆ. ಏನು ಮಾತಾಡಿದೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ, ಅನುಮತಿ ಸಿಕ್ಕಿತು. ಗೌನು, ಮಾಸ್ಕು ಹಾಕಿಕೊಂಡ ಮಾಲತಿ ಅತ್ತೆಯ ಶಂಖದ ಕೈ ಹಿಡಿದು ನಿಂತಳು. ಮರಗಟ್ಟಿಸುವ ಔಷಧಿ ಕೊಟ್ಟು ನಾನು ಬಲಗಂಕುಳಿಗೆ ಸೂಜಿ ಹಾಕಿದೆ. ಒಗೆದ ಸೀರೆಯ ಮೇಲೆ ಮಲಗಿ ಇಂದಿರಮ್ಮ ಕಣ್ಣುಮುಚ್ಚಿ ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ಅದು ಮುಗಿಯುವ ಮೊದಲೇ ನನ್ನ ಕೆಲಸ ಮುಗಿದಿತ್ತು.

"ಇಷ್ಟೇನಾ?" ಎಂದರು.

"ಇಷ್ಟೇ. ಕೊರೊನಾ ಟೆಸ್ಟಿಗೆ ಮೂಗಲ್ಲಿ ಕಡ್ಡಿ ಹಾಕಿದ್ದು ಇದಕ್ಕಿಂತ ಕಷ್ಟ ಇತ್ತಲ್ವಾ?"

ವರದಿಯಲ್ಲಿ ಕ್ಯಾನ್ಸರ್ ಎಂದೇ ಬಂತು. ಸ್ತನದ ಚುಕ್ಕೆಯಿಂದ ಹೊರಟು ಕಂಕುಳ ಗ್ರಂಥಿಗೆ ಬಂದಿತ್ತು, ಅದರಾಚೆ ಎಲ್ಲೂ ಹೋಗಿರಲಿಲ್ಲ. ಹಾರ್ಮೋನಿನ ಮಾತ್ರೆಗೆ ಬಗ್ಗುವ ಜಾತಿಯದು. ಈ ಕಾಯಿಲೆಯಲ್ಲಿ ಅದು ಒಳ್ಳೆಯ ಸುದ್ದಿ. ಮೊದಲು ಕಿಮೊಥೆರಪಿ, ಆಮೇಲೆ ಆಪರೇಷನ್, ಆಮೇಲೆ ರೇಡಿಯೇಷನ್ ಎಂದು ನಮ್ಮ ಕ್ಯಾನ್ಸರ್ ತಜ್ಞರು ತೀರ್ಮಾನಿಸಿದರು.

ಕಿಮೊಥೆರಪಿಯಲ್ಲಿ ದೇಹದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಸೋಂಕು ತಗಲದಂತೆ ನೋಡಿಕೊಳ್ಳಿ ಎಂದು ಮನೆಯವರಿಗೆ ಹೇಳಿಹೇಳಿ ನಮ್ಮ ಬಾಯಿ ನೋಯುತ್ತಿತ್ತು, ಮೊದಲೆಲ್ಲ. ಇವರ ಮನೆಯಲ್ಲಿ ಹೇಳಬೇಕಾಗಲೇ ಇಲ್ಲ. ಬೇರೆ ಕೋಣೆ, ಬೇರೆ ತಟ್ಟೆ, ಬಾಗಿಲಲ್ಲಿ ಸ್ಯಾನಿಟೈಸರ್, ಜ್ವರ ನೋಡುವುದು, ಎಲ್ಲ ಕಲಿತು ಕೂತಿದ್ದರು. ಕೊರೊನಾದಲ್ಲಿ ಅಡುಗೆಮನೆಗೆ ಕಾಲಿಟ್ಟಿದ್ದ ಗುರುರಾಜರಾಯರು ಈಗ ಮಡಿಯುಟ್ಟು ನೈವೇದ್ಯದ ಅಡುಗೆಯನ್ನೂ ಮಾಡತೊಡಗಿದರು. "ಸಾರಿಗೆ ಉಪ್ಪು ಹಾಕಲ್ಲ, ದೇವರು ಏನೂ ಅನ್ನಲ್ಲ, ನಾನಂತೀನಿ," ಎಂದು ಇಂದಿರಮ್ಮ ಒಮ್ಮೆ ನನ್ನೆದುರೇ ಅವರನ್ನು ರೇಗಿಸಿದರು. ರಾಯರು ಕನ್ನಡಕ ಒರೆಸುತ್ತ ನಕ್ಕರು. ಆ ಸಾರು ಹೇಗಿತ್ತೋ, ಅವರ ಕಣ್ಣು ಮಾತ್ರ ಕೆಂಪಗಿತ್ತು.

ಕೂದಲು ಉದುರಿದ ಮೇಲೆ ಒಂದು ಸಂಜೆ ಅವರು ತಲೆಗೆ ಬಟ್ಟೆ ಕಟ್ಟಿಕೊಂಡು ಭಜನಾ ಮಂಡಳಿಯ ವೀಡಿಯೊದಲ್ಲಿ ಕಾಣಿಸಿಕೊಂಡರಂತೆ. ಲಾಕ್‌ಡೌನಿನಲ್ಲಿ ಶುರುವಾದ ಆ ಆನ್‌ಲೈನ್ ಭಜನೆ ಇನ್ನೂ ನಡೆಯುತ್ತಿತ್ತು. ಮಾಲತಿ ಹೇಳಿದ್ದು: "ಒಂದು ದೇವರನಾಮ ಹಾಡಿ ಮುಗಿಸಿ, ನನಗೆ ಕ್ಯಾನ್ಸರ್ ಬಂದಿದೆ, ಔಷಧಿ ನಡೀತಿದೆ ಅಂತ ಅತ್ತೇನೇ ಹೇಳ್ಬಿಟ್ರು ಮೇಡಂ. ಮಾರನೇ ದಿನ ಗೇಟಲ್ಲಿ ಸಾರು, ಅನ್ನ ಬಂತು."

ಆಪರೇಷನ್ನಿನಲ್ಲಿ ಸ್ತನ ಉಳಿಯಿತು. ಚುಕ್ಕೆಯಿದ್ದ ಭಾಗವನ್ನೂ ಕಂಕುಳ ಗ್ರಂಥಿಗಳನ್ನೂ ತೆಗೆದರು. ಹಾಗೆ ತೆಗೆದ ಮೇಲೆ ಆ ಕೈ ಸೆಟೆದುಕೊಳ್ಳುತ್ತದೆ. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ನಡೆಸುತ್ತ ದಿನವೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಹೋಗಬೇಕು. ಇಂದಿರಮ್ಮ ಅಡುಗೆಮನೆಯ ಗೋಡೆ ಆರಿಸಿಕೊಂಡರು. ಬೆರಳು ಮುಟ್ಟಿದಲ್ಲಿಗೆ ಅರಿಶಿನದ ಬೊಟ್ಟು. ಒಮ್ಮೆ ಅವರ ಮನೆಗೆ ಹೋದಾಗ ನೋಡಿದೆ, ಬೊಟ್ಟುಗಳ ಸಾಲು ಡಬ್ಬಿಗಳ ಶೆಲ್ಫನ್ನು ದಾಟಿ ಮೇಲೆ ಹೋಗಿತ್ತು. ಆ ಕೈಗೆ ಇಂಜೆಕ್ಷನ್ ಬೇಡ, ಭಾರ ಬೇಡ, ಸುಟ್ಟಗಾಯ ಆಗಕೂಡದು, ಊದಿಕೊಂಡರೆ ಕಷ್ಟ ಎಂದು ಎಚ್ಚರಿಸಿ ಬಂದೆ.

2023ರ ಪ್ರಥಮ ಏಕಾದಶಿ. ಕ್ರೋಂಪೇಟೆಗೆ ಬಂದಿದ್ದ ಸ್ವಾಮಿಗಳಿಂದ ಮುದ್ರೆ ಹಾಕಿಸಿಕೊಳ್ಳಲು ಜನ ರಸ್ತೆಯವರೆಗೆ ಸಾಲುಗಟ್ಟಿದ್ದರು. ಹೆಂಗಸರ ಸಾಲಿನಲ್ಲಿ ನನ್ನ ಮುಂದೆ ಇಂದಿರಮ್ಮ. ಕೂದಲು ಸಣ್ಣ ಜುಟ್ಟು ಕಟ್ಟುವಷ್ಟು ಬೆಳೆದು ಅದಕ್ಕೊಂದು ತುಂಡು ಮಲ್ಲಿಗೆಯೂ ಏರಿತ್ತು. ಅವರ ಸರದಿ ಬಂತು. ಎಡಗೈ ಚಾಚಿದರು, ಶಂಖ ಬಿತ್ತು. ಬಲಗೈ ಎಂದು ಪಕ್ಕದಲ್ಲಿದ್ದ ಆಚಾರ್ಯರು ಸನ್ನೆ ಮಾಡಿದರು.

"ಈ ಕೈಗೆ ಬಿಸಿ ಬೇಡ ಆಚಾರ್ಯರೇ," ಎಂದರು ಇಂದಿರಮ್ಮ, ಸಾಲಿಗೆಲ್ಲ ಕೇಳುವ ಹಾಗೆ. "ಕ್ಯಾನ್ಸರ್ ಆಪರೇಷನ್ ಆಗಿದೆ. ಸುಟ್ಟುಕೋಬಾರ್ದು ಅಂತ ಡಾಕ್ಟರಮ್ಮನ ಅಪ್ಪಣೆ. ಹಿಂದೇನೇ ನಿಂತಿದಾರೆ, ಬೇಕಾದ್ರೆ ಕೇಳಿ."

ಸ್ವಾಮಿಗಳು ನನ್ನ ಕಡೆ ಒಮ್ಮೆ ನೋಡಿದರು, ನಾನು ತಲೆಯಾಡಿಸಿದೆ. ಅವರು ಕಾದ ಅಚ್ಚನ್ನು ಕೆಳಗಿಟ್ಟು, ಗೋಪೀಚಂದನ ತರಿಸಿ, ಅದರಲ್ಲಿ ಅದ್ದಿದ ತಣ್ಣನೆಯ ಚಕ್ರವನ್ನು ಆ ಕೈಗೆ ಒತ್ತಿ, "ದೀರ್ಘಾಯುಷ್ಯವಾಗಲಿ" ಎಂದರು. ಇಂದಿರಮ್ಮನವರ ಕಣ್ಣು ತುಂಬಿತು. ನನ್ನದೂ ತುಂಬಿತು, ಸುಳ್ಳು ಯಾಕೆ ಹೇಳಲಿ.

ಹೊರಗೆ ಬಂದಾಗ ನಡುವಯಸ್ಸಿನ ಹೆಂಗಸೊಬ್ಬರು ಅವರನ್ನು ಕಂಬದ ಮರೆಗೆ ಕರೆದು ಮೆಲ್ಲಗೆ ಕೇಳಿದರು: "ಎಲ್ಲಿತ್ತು ಮಾಮಿ?"

ಇಂದಿರಮ್ಮ ಚಕ್ರದ ಕೈಯನ್ನು ಎತ್ತಿದರು. ಸ್ಕ್ಯಾನ್ ಮಂಚದ ಮೇಲೆ ಅರ್ಧಕ್ಕೆ ನಿಂತಿದ್ದ ಕೈ ಈಗ ನೆಟ್ಟಗೆ ತಲೆಯ ಮೇಲೆ ಹೋಯಿತು. "ಇಲ್ಲಿ. ಊಸಿ ಆ ಕಡೆ, ಕಟ್ಟಿ ಈ ಕಡೆ. ಆದ್ರೂ ಊಸಿದೇ ಅಂತ ಕೂತಿದ್ದೆ ನಾನು. ಯಾವ ಕೈ ಅಂತ ಇವ್ರು ಕೇಳಿದ್ರು."

ಆ ಹೆಂಗಸಿನ ಕೈ ತನಗೆ ತಿಳಿಯದಂತೆ ತನ್ನ ಎಡಗಂಕುಳಿಗೆ ಹೋಗಿತ್ತು. ನನ್ನ ಕಡೆ ತಿರುಗಿ, "ನಾಳೆ ಪಾರಣೆ ಮುಗಿಸ್ಕೊಂಡು ಬರ್ಲಾ ಡಾಕ್ಟ್ರೇ? ಒಂದು ವರ್ಷದಿಂದ ಇದೆ," ಎಂದರು.

ಅವರು ಬಂದರು. ನಾನು ಆಸ್ಪತ್ರೆಯಿಂದ ನಿವೃತ್ತಳಾಗಿದ್ದು ಮರುವರ್ಷ. ಹೋಗುವವರೆಗೂ ಹೊಸದಾಗಿ ಸೇರಿದ ವೈದ್ಯರಿಗೆಲ್ಲ ನಾನು ಒಂದೇ ಪಾಠ ಹೇಳುತ್ತಿದ್ದೆ. ರೋಗಿ ತನ್ನ ಕಾಯಿಲೆಗೆ ಕಾರಣವನ್ನು ತಾನೇ ಹೇಳಿದಾಗ ಸಂತೋಷಪಟ್ಟು ಬರೆದುಕೊಂಡು ಕಳಿಸಬೇಡಿ, ಇನ್ನೊಂದು ಸಾದಾ ಪ್ರಶ್ನೆ ಕೇಳಿ. ಬಾರದ ರೋಗಿಯ ಮೇಲೆ ರೇಗುವ ಮೊದಲು, ಯಾಕೆ ಬರಲಿಲ್ಲ ಎಂದೂ ಕೇಳಿ. ಎರಡನೆಯದು ನನಗೆ ಕಷ್ಟದ ಪಾಠ, ಈಗಲೂ ಪೂರ್ತಿ ಬಂದಿಲ್ಲ.

ದ್ವಾದಶಿಯ ಆ ಬೆಳಗ್ಗೆ ಕ್ರೋಂಪೇಟೆಯ ಹೆಂಗಸಿನ ಜೊತೆ ಇಂದಿರಮ್ಮನೂ ಸ್ಕ್ಯಾನ್ ಕೋಣೆಗೆ ಬಂದಿದ್ದರು. ತಮ್ಮ ಚೀಲದಿಂದ ಒಗೆದ ಸೀರೆ ತೆಗೆದು ಮಂಚಕ್ಕೆ ತಾವೇ ಹಾಸಿ, "ಮಲ್ಕೋಮ್ಮ, ನಾನಿಲ್ಲೇ ನಿಂತಿರ್ತೀನಿ," ಎಂದು ಆಕೆಯ ಕೈ ಹಿಡಿದುಕೊಂಡರು. ನಾನು ಪ್ರೋಬ್ ಇಟ್ಟೆ. ತೆರೆಯ ಮೇಲೆ ಅವರೆಕಾಳಿನಂಥ ಗ್ರಂಥಿಯೊಂದು ಮೂಡಿತು, ನಡುವೆ ಬೆಳ್ಳಗೆ ತಿರುಳಿತ್ತು.